ವಾರ್ತೆಯೂ ಕಾವ್ಯವೂ: ‘ಗೋದಾನ’ದ ಬೇಲಾರಿ ಗ್ರಾಮದಲ್ಲಿ ಜನ ಮತ್ತು ಜೀವಿಕೆ

(೧)

‘ವಾರ್ತಾ’ ಎಂಬ ಶಬ್ದಕ್ಕೆ ನಮ್ಮ ಶಾಸ್ತ್ರಗಳಲ್ಲಿ ಎರಡು ಅರ್ಥಗಳು ಪ್ರಸಿದ್ಧವಾಗಿವೆ. ಕೌಟಲ್ಯನು ವಿದ್ಯೆಗಳನ್ನು ವಿಭಾಗಿಸುವಾಗ ಕೃಷಿ, ಪಶುಪಾಲನೆ, ವಾಣಿಜ್ಯ ಎಂಬ ಮೂರನ್ನೂ ಕೂಡಿಸಿ ವಾರ್ತೆಯೆಂದು ಕರೆದನು. ಜನರು ಯಾವುದರಿಂದ ಬದುಕುವರೋ ಅದನ್ನು ತಿಳಿಸುವ ವಿದ್ಯೆಯೇ ವಾರ್ತೆ. ಆಲಂಕಾರಿಕನಾದ ಭಾಮಹನಾದರೋ ಅದೇ ಶಬ್ದವನ್ನು ಬೇರೊಂದು ಅರ್ಥದಲ್ಲಿ ಪ್ರಯೋಗಿಸಿದನು. ಸೂರ್ಯನು ಮುಳುಗಿದನು, ಚಂದ್ರನು ಬೆಳಗುತ್ತಾನೆ, ಹಕ್ಕಿಗಳು ಗೂಡಿಗೆ ತೆರಳುತ್ತವೆ ಎಂಬಂತಹ ಮಾತುಗಳು ಕಾವ್ಯವಾಗಲಾರವು, ಅವು ಬರಿಯ ವಾರ್ತೆ ಎಂಬುದು ಅವನ ತೀರ್ಮಾನ. ಇದ್ದುದನ್ನು ಇದ್ದಂತೆ ಹೇಳಿ ಮುಗಿಸುವ ನುಡಿಗೆ ಅಲ್ಲಿ ವಾರ್ತೆಯೆಂದು ಹೆಸರು.

ಈ ಎರಡು ಅರ್ಥಗಳೂ ಒಂದೇ ವಸ್ತುವಿನಲ್ಲಿ ಸೇರಿರುವುದನ್ನು ನೋಡಬೇಕಾದರೆ ಜನಗಣತಿಯ ಗ್ರಾಮಪಟ್ಟಿಯನ್ನು ತೆರೆಯಬೇಕು. ಒಂದು ಹಳ್ಳಿಯಲ್ಲಿ ಮನೆಗಳೆಷ್ಟು, ಗಂಡಸರೆಷ್ಟು, ಹೆಂಗಸರೆಷ್ಟು, ಸಾಗುವಳಿದಾರರೆಷ್ಟು, ಕೂಲಿಕಾರರೆಷ್ಟು ಎಂಬಿವೆಲ್ಲ ಅಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತವೆ. ವಿಷಯದಿಂದಲೂ ಅದು ವಾರ್ತೆ, ರೀತಿಯಿಂದಲೂ ವಾರ್ತೆ. ಹಿಂದೀ ನಾಡಿನ ಒಂದು ಸಣ್ಣ ಬೇಸಾಯದ ಹಳ್ಳಿಯನ್ನು ಈ ಬಗೆಯಾಗಿ ಒಂದು ಸಾಲಿನಲ್ಲಿ ಓದಿದವನಿಗೂ, ಪ್ರೇಮಚಂದರ ‘ಗೋದಾನ’ದಲ್ಲಿ ಬೇಲಾರಿಯೆಂಬ ಹಳ್ಳಿಯನ್ನು ಓದಿದವನಿಗೂ ದೊರೆಯುವ ಜ್ಞಾನದಲ್ಲಿ ಭೇದವೇನು? ಕಾವ್ಯವು ವಾರ್ತೆಗೆ ಹೆಚ್ಚಾಗಿ ಏನನ್ನು ಕೊಡುತ್ತದೆ? ಕೇವಲ ಕಣ್ಣೀರನ್ನೇ? ಅಥವಾ ವಾರ್ತೆಗೆ ದಕ್ಕದ ಒಂದು ಸತ್ಯವನ್ನೇ? ಇದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ವಿಚಾರಕ್ಕೆ ಕಾರಣವೂ ಇದೆ. ‘ಗೋದಾನ’ವನ್ನು ಪಾಠ ಹೇಳುವವರಲ್ಲಿ ಇಂದು ಎರಡು ಪಕ್ಷಗಳಿವೆ. ಅದು ರೈತಜೀವನದ ದಾಖಲೆ, ಆ ಕಾಲದ ಹಳ್ಳಿಯ ಸ್ಥಿತಿಯನ್ನು ತಿಳಿಯುವುದಕ್ಕೆ ಸಾಧನ ಎಂದು ಕೆಲವರು ಹೇಳುತ್ತಾರೆ. ಅದು ಕರುಣರಸಪ್ರಧಾನವಾದ ಮಹಾಕಾವ್ಯಸದೃಶ ಗ್ರಂಥ, ಅದರಲ್ಲಿ ಲೆಕ್ಕಪತ್ರಗಳನ್ನು ಹುಡುಕುವುದು ಅರಸಿಕತೆ ಎಂದು ಮತ್ತೆ ಕೆಲವರು ಹೇಳುತ್ತಾರೆ. ಮೊದಲನೆಯವರು ಗ್ರಂಥವನ್ನು ವಾರ್ತೆಗೆ ಇಳಿಸುತ್ತಾರೆ. ಎರಡನೆಯವರು ವಾರ್ತೆಯನ್ನು ಗ್ರಂಥದಿಂದ ಹೊರಗೆ ಹಾಕುತ್ತಾರೆ. ನನಗೆ ಈ ಎರಡೂ ಸಮ್ಮತವಲ್ಲ.

(೨)

ಮೊದಲು ವಾರ್ತೆಯ ಕಡೆಯನ್ನು ನೋಡೋಣ. ಹಳ್ಳಿಯ ಜನರನ್ನು ಜೀವಿಕೆಯಿಂದ ವಿಂಗಡಿಸಿ ಎಣಿಸುವುದು ನಮ್ಮ ದೇಶಕ್ಕೆ ಹೊಸದಲ್ಲ. ೧೯೦೯ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಅಚ್ಚುಮಾಡಿಸಿದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಗೋಪನೆಂಬ ಅಧಿಕಾರಿಯ ಕೆಲಸವು ವಿವರಿಸಲ್ಪಟ್ಟಿದೆ. ಐದು ಅಥವಾ ಹತ್ತು ಗ್ರಾಮಗಳಿಗೆ ಒಬ್ಬ ಗೋಪ. ಅವನು ಸೀಮೆಗಳನ್ನೂ ಹೊಲಗಳನ್ನೂ ಮನೆಗಳನ್ನೂ ಬರೆದಿಡಬೇಕು. ಕರ್ಷಕರು, ಗೋರಕ್ಷಕರು, ವೈದೇಹಕರು, ಕಾರುಗಳು, ಕರ್ಮಕರರು, ದಾಸರು ಇಷ್ಟಿಷ್ಟು ಮಂದಿ ಎಂದು ಎಣಿಸಬೇಕು. ಎರಡು ಕಾಲಿನ ಮತ್ತು ನಾಲ್ಕು ಕಾಲಿನ ಪ್ರಾಣಿಗಳನ್ನೂ ಲೆಕ್ಕಹಾಕಬೇಕು. ಅಷ್ಟರಿಂದಲೂ ಮುಗಿಯಲಿಲ್ಲ. ಕುಲಗಳ ನಡತೆ, ಜೀವಿಕೆ, ಆಯ, ವ್ಯಯ ಇವುಗಳ ಪ್ರಮಾಣವನ್ನೂ ಅವನು ತಿಳಿದಿರಬೇಕು. ಕೌಟಲ್ಯನ ಗಮನವು ತೆರಿಗೆಯ ಮೇಲಿತ್ತೆಂಬುದು ನಿಜ. ಆದರೂ ಮನುಷ್ಯನ ವೃತ್ತಿಯನ್ನು ಕೇಳಿದೊಡನೆಯೇ ಅವನ ಆಯವ್ಯಯವನ್ನೂ ಕೇಳಬೇಕೆಂಬುದು ಆ ಶಾಸ್ತ್ರಕಾರನಿಗೆ ತೋರಿತ್ತು.

ನಮ್ಮ ಹಿರಿಯರು ಖಾನೇಷುಮಾರಿಯೆಂದು ಕರೆಯುತ್ತಿದ್ದ ಆಧುನಿಕ ಗಣತಿಯು ೧೮೭೨ರಲ್ಲಿ ಆರಂಭವಾಗಿ, ದೇಶದಾದ್ಯಂತ ಏಕಕಾಲದಲ್ಲಿ ೧೮೮೧ರಲ್ಲಿ ಮೊದಲು ನಡೆಯಿತು. ಅದರ ದೃಷ್ಟಿಯಲ್ಲಿ ಗ್ರಾಮವೆಂದರೆ ಕಂದಾಯದ ಮೇರೆಗಳುಳ್ಳ ಭೂಮಿ. ಉತ್ತರದವರು ಅದಕ್ಕೆ ‘ಮೌಜಾ’ ಎನ್ನುವರು. ಆ ಮೇರೆಯೊಳಗೆ ಪುರವಾ, ಟೋಲಾ ಎಂಬ ಹೆಸರಿನ ಹಲವು ಕೇರಿಗಳು ದೂರದೂರವಾಗಿ ಚದರಿದ್ದರೂ ಪಟ್ಟಿಯಲ್ಲಿ ಅದು ಒಂದೇ ಗ್ರಾಮ. ಒಬ್ಬರೂ ವಾಸವಿಲ್ಲದಿದ್ದರೂ ಗ್ರಾಮವೇ. ಅಂತಹದನ್ನು ದೀಪವಿಲ್ಲದ ಊರು ಎಂಬರ್ಥದಲ್ಲಿ ‘ಬೇಚಿರಾಗ್’ ಎನ್ನುತ್ತಾರೆ. ನಮ್ಮ ಶಾನಭೋಗರ ಕಡತಗಳಲ್ಲಿಯೂ ‘ಬೇಚಿರಾಕ್’ ಎಂದು ಅದೇ ಮಾತು ಬಂದಿದೆ. ೨೦೧೧ರ ಗಣತಿಯಲ್ಲಿ ಇಂತಹವನ್ನೂ ಕೂಡಿಸಿ ದೇಶದಲ್ಲಿ ಸುಮಾರು ೬,೪೦,೦೦೦ ಗ್ರಾಮಗಳಿದ್ದುವು.

‘ಗೋದಾನ’ವು ಪ್ರಕಟವಾದುದು ೧೯೩೬ರಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಗ್ರಂಥಕರ್ತರು ದಿವಂಗತರಾದರು. ಆದ್ದರಿಂದ ಅದಕ್ಕೆ ಹತ್ತಿರವಾದ ಗಣತಿಯು ೧೯೩೧ರದು. ಆ ಗಣತಿಯು ಜನರನ್ನು ಸಂಪಾದಿಸುವವರು, ದುಡಿಯುವ ಅವಲಂಬಿಗಳು, ದುಡಿಯದ ಅವಲಂಬಿಗಳು ಎಂದು ಮೂರು ಬಗೆಯಾಗಿ ಮಾಡಿತು. ಬೇಸಾಯದಲ್ಲಿ ಗೇಣಿಯಿಂದ ಜೀವಿಸುವ ಭೂಸ್ವಾಮಿಗಳು, ಸ್ವಂತ ಭೂಮಿಯನ್ನು ಉಳುವವರು, ಗೇಣಿ ಒಕ್ಕಲುಗಳು, ಕೂಲಿಕಾರರು ಎಂಬ ವಿಭಾಗಗಳಿದ್ದುವು. ೨೦೧೧ರ ಸೂತ್ರವು ಇದಕ್ಕಿಂತ ಸ್ಪಷ್ಟವಾಗಿದೆ. ಸ್ವಂತದ ಭೂಮಿಯಲ್ಲಾಗಲಿ, ಹಣ, ಧಾನ್ಯ, ಪಾಲು ಇವುಗಳ ಕರಾರಿನ ಮೇಲೆ ಪಡೆದ ಭೂಮಿಯಲ್ಲಾಗಲಿ ಬೇಸಾಯ ಮಾಡುವವನು ಸಾಗುವಳಿದಾರ. ನಿಂತು ಮಾಡಿಸುವುದೂ ಬೇಸಾಯವೇ. ಪರರ ಭೂಮಿಯಲ್ಲಿ ಕೂಲಿಗೆ ದುಡಿಯುವವನು ಕೃಷಿಕೂಲಿ. ಅವನಿಗೆ ಆ ಭೂಮಿಯ ಮೇಲೆ ಹಕ್ಕಿಲ್ಲ, ಬೇಸಾಯದ ನಷ್ಟದ ಭಯವೂ ಇಲ್ಲ. ವರ್ಷದಲ್ಲಿ ಆರು ತಿಂಗಳಿಗೆ ಕಡಮೆಯಿಲ್ಲದೆ ದುಡಿದವನು ಮುಖ್ಯ ಕೆಲಸಗಾರ, ಕಡಮೆಯಾದರೆ ಅಲ್ಪಾವಧಿಯವನು.

ಲಕ್ಷಣವು ಅವ್ಯಾಪ್ತಿ, ಅತಿವ್ಯಾಪ್ತಿ ದೋಷಗಳಿಲ್ಲದಿರಬೇಕೆಂಬುದು ನೈಯಾಯಿಕರ ನಿಯಮ. ಈ ಸೂತ್ರಗಳನ್ನು ಹಿಡಿದುಕೊಂಡು ಬೇಲಾರಿಯನ್ನು ಪ್ರವೇಶಿಸಿದರೆ ಏನಾಗುವುದೆಂದು ನೋಡೋಣ.

(೩)

ಬೇಲಾರಿಯು ಅವಧ ಪ್ರಾಂತದ ಹಳ್ಳಿಯೆಂದು ಕಥಾಕಾರರು ಹೇಳುತ್ತಾರೆ. ಜಿಲ್ಲೆಯ ಹೆಸರನ್ನು ಬೇಕೆಂದೇ ಹೇಳುವುದಿಲ್ಲ. ಗಣತಿಯಲ್ಲಿ ಗ್ರಾಮಕ್ಕೆ ಜಿಲ್ಲೆ ತಹಸೀಲುಗಳಿಲ್ಲದಿದ್ದರೆ ಅಸ್ತಿತ್ವವೇ ಇಲ್ಲ. ಕಾವ್ಯದಲ್ಲಿ ಅವಿದ್ದರೆ ಸಾಧಾರಣೀಕರಣಕ್ಕೆ ತೊಡಕು. ಐದು ಮೈಲಿಯಾಚೆಯ ಸೇಮರಿಯಲ್ಲಿ ಜಮೀನ್ದಾರರಾದ ರಾಯಸಾಹೇಬ ಅಮರಪಾಲಸಿಂಹರಿದ್ದಾರೆ. ಬೇಲಾರಿಯಲ್ಲಿ ಅವರ ಕಾರಕೂನನಾದ ನೋಖೇರಾಮ, ಶಾನಭೋಗನ ಸ್ಥಾನದ ಪಟೇಶ್ವರಿ, ಪುರೋಹಿತ ದಾತಾದೀನ, ಠಾಕೂರನಾದ ಝಿಂಗುರೀಸಿಂಹ, ಮಂಗರೂ ಸಾಹು, ಉಪ್ಪು ಎಣ್ಣೆ ಹೊಗೆಸೊಪ್ಪುಗಳ ಅಂಗಡಿಯಿಟ್ಟ ವಿಧವೆ ದುಲಾರಿ, ಬಿದಿರಿನ ಕೆಲಸದ ದಮಡಿ, ಚಮಾರ ಕುಲದ ಹರಖು ಮತ್ತು ಅವನ ಮಗಳು ಸಿಲಿಯಾ ಇದ್ದಾರೆ. ಇವರ ನಡುವೆ ಒಕ್ಕಲಾದ ಹೋರಿ, ಹೆಂಡತಿ ಧನಿಯಾ, ಮಗ ಗೋಬರ, ಹೆಣ್ಣುಮಕ್ಕಳು ಸೋನಾ ಮತ್ತು ರೂಪಾ, ಬೇರೆಯಾದ ತಮ್ಮಂದಿರು ಶೋಭಾ ಮತ್ತು ಹೀರಾ. ಕನ್ನಡದ ಕಿವಿಗೆ ಹೋರಿಯೆಂದೊಡನೆ ನೊಗ ಹೊತ್ತ ಎತ್ತು ನೆನಪಾಗುವುದು ಕೇವಲ ಯಾದೃಚ್ಛಿಕವಾದರೂ ಅನುಚಿತವಲ್ಲ.

ಪಟ್ಟಿಯಲ್ಲಿ ಇವರ ವೃತ್ತಿಗಳು ಬೇರೆಬೇರೆ: ಪೌರೋಹಿತ್ಯ, ವ್ಯಾಪಾರ, ಜಮೀನ್ದಾರನ ಚಾಕರಿ, ಸರ್ಕಾರದ ಕೆಲಸ. ಕಥೆಯನ್ನು ಓದಿದವನಿಗೆ ಇವರೆಲ್ಲರ ನಿಜವಾದ ಜೀವಿಕೆಯು ಒಂದೇ ಎಂದು ತಿಳಿಯುತ್ತದೆ. ಅದು ಬಡ್ಡಿ. ಪುರೋಹಿತನೂ ಸಾಲಕೊಡುವನು, ಅಂಗಡಿಯವಳೂ ಕೊಡುವಳು, ಶಾನಭೋಗನೂ ಕೊಡುವನು. ಒಂದೇ ಹೊಲದ ಮೇಲೆ ಇಷ್ಟು ಮಂದಿಯ ಜೀವಿಕೆಯು ನಿಂತಿದೆ. ಆ ಹೊಲವನ್ನು ಉಳುವವನ ಜೀವಿಕೆಯೊಂದೇ ನಿಂತಿಲ್ಲ.

ಇಲ್ಲಿ ಕಥಾಕಾರರ ಲೆಕ್ಕವನ್ನು ಪರೀಕ್ಷಿಸಿ ನೋಡಿದೆನು. ಮಂಗರೂ ಸಾಹುವಿನಿಂದ ಹೋರಿಯು ಐದು ವರ್ಷಗಳ ಹಿಂದೆ ಎತ್ತಿಗಾಗಿ ೬೦ ರೂಪಾಯಿ ತಂದಿದ್ದನು. ೬೦ ಕೊಟ್ಟದ್ದಾಯಿತು, ೬೦ ಹಾಗೆಯೇ ಉಳಿದಿದೆ. ದಾತಾದೀನನಿಂದ ೩೦ ತಂದು ಆಲೂಗಡ್ಡೆ ಬಿತ್ತಿದನು. ಬೆಳೆಯನ್ನು ಕಳ್ಳರು ಅಗೆದುಕೊಂಡು ಹೋದರು. ಮೂರು ವರ್ಷಗಳಲ್ಲಿ ೩೦ ಎಂಬುದು ೧೦೦ ಆಯಿತು. ತಮ್ಮಂದಿರ ಪಾಲುಪಾರೀಕತ್ತಿನಲ್ಲಿ ದುಲಾರಿಯಿಂದ ತಂದ ೪೦ ರೂಪಾಯಿಯೂ ಸುಮಾರು ೧೦೦ ಆಗಿದೆ. ದುಲಾರಿಯ ಬಡ್ಡಿ ರೂಪಾಯಿಗೆ ಒಂದಾಣೆ. ಇದನ್ನು ತಿಂಗಳಿಗೆಂದು ಹಿಡಿದರೆ ವರ್ಷಕ್ಕೆ ನೂರಕ್ಕೆ ೭೫ ಆಗುವುದು. ೪೦ ರೂಪಾಯಿಗೆ ವರ್ಷದ ಬಡ್ಡಿ ೩೦. ಎರಡೇ ವರ್ಷಕ್ಕೆ ಮೊತ್ತವು ಸರಿಯಾಗಿ ೧೦೦. ಅದೇ ದರದಲ್ಲಿ ದಾತಾದೀನನ ೩೦ಕ್ಕೆ ಮೂರು ವರ್ಷದ ಬಡ್ಡಿ ೬೭½, ಕೂಡಿದರೆ ೯೭½. ಎಂದರೆ ನೂರಕ್ಕೆ ಎರಡೂವರೆ ಕಡಮೆ. ಕಾವ್ಯದ ಲೆಕ್ಕವು ತಪ್ಪಿಲ್ಲ! ರಸಿಕರು ಅವಸರದಿಂದ ದಾಟಿಹೋಗುವ ಈ ಅಂಕೆಗಳನ್ನು ಗ್ರಂಥಕರ್ತರು ಬಾಯಿಗೆ ಬಂದಂತೆ ಬರೆದಿಲ್ಲವೆಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಡ. ಪುರೋಹಿತನ ಬಡ್ಡಿಯೂ ಅಂಗಡಿಯವಳ ಬಡ್ಡಿಯೂ ಒಂದೇ ಆಗಿರುವುದನ್ನು ಬಾಯಿಬಿಟ್ಟು ಹೇಳದೆ ಅಂಕೆಗಳಿಂದಲೇ ತೋರಿಸಿದ್ದಾರೆ.

ಆದರೆ ಅಂಕೆಯು ಇಲ್ಲಿ ಅಂಕೆಯಾಗಿಯೇ ಉಳಿಯುವುದಿಲ್ಲ. ಪಟ್ಟಣದಿಂದ ಮರಳಿದ ಗೋಬರನು ದಾತಾದೀನನ ಸಾಲಕ್ಕೆ ನ್ಯಾಯವಾದ ಬಡ್ಡಿಯನ್ನು ಕಟ್ಟಿ ೭೦ ರೂಪಾಯಿ ತೆಗೆದುಕೊಳ್ಳಿರೆಂದು ಹೇಳುತ್ತಾನೆ. ದಾತಾದೀನನು ೨೦೦ ಕೇಳುತ್ತಾನೆ. ಮಗನ ಲೆಕ್ಕವು ಸರಿಯೆಂಬುದು ಹೋರಿಗೂ ಗೊತ್ತು. ಆದರೂ ಬ್ರಾಹ್ಮಣನ ಹಣವನ್ನು ಇಟ್ಟುಕೊಂಡರೆ ವಂಶಕ್ಕೆ ಕೇಡೆಂದು ಹೆದರಿ, ಕವಡೆ ಕವಡೆಯನ್ನೂ ತೀರಿಸುವೆನೆಂದು ಅವನೇ ಒಪ್ಪಿಕೊಳ್ಳುತ್ತಾನೆ. ಅಲ್ಲಿ ೧೩೦ ರೂಪಾಯಿಗಳ ಅಂತರವಿದೆ. ಅದನ್ನು ಯಾವ ಖಾನೆಯಲ್ಲಿ ಬರೆಯಬೇಕು? ಸಾಲವೆನ್ನಬೇಕೇ, ಧರ್ಮವೆನ್ನಬೇಕೇ, ಭಯವೆನ್ನಬೇಕೇ? ಕೌಟಲ್ಯನ ಗೋಪನು ಆಯವ್ಯಯದ ಜೊತೆಗೆ ಕುಲದ ನಡತೆಯನ್ನೂ ಕೇಳಿದ್ದರ ಔಚಿತ್ಯವು ಇಲ್ಲಿ ಹೊಳೆಯುತ್ತದೆ. ನಡತೆಯನ್ನರಿಯದೆ ವ್ಯಯವು ಅರ್ಥವಾಗುವುದಿಲ್ಲ.

(೪)

ಈಗ ಮುಖ್ಯವಾದ ಪ್ರಶ್ನೆಗೆ ಬರುತ್ತೇನೆ. ರೈತನಾಗಿದ್ದ ಹೋರಿಯು ಕೂಲಿಯವನಾಗಿ ಸತ್ತನು ಎಂಬುದು ‘ಗೋದಾನ’ದ ಸಾರಾಂಶವೆಂದು ತರಗತಿಗಳಲ್ಲಿ ಹೇಳುವುದು ವಾಡಿಕೆ. ನಾನೂ ಹಲವು ವರ್ಷ ಹಾಗೆಯೇ ಹೇಳಿದೆನು. ಗ್ರಂಥವನ್ನು ಮತ್ತೆ ಓದಿದಾಗ ಇದು ಅರ್ಧಸತ್ಯವೆಂದು ನನಗೆ ತೋರಿತು.

ಕ್ರಮವನ್ನು ನೋಡಬೇಕು. ಗೊಲ್ಲನಾದ ಭೋಲನಿಂದ ಹೋರಿಯು ೮೦ ರೂಪಾಯಿಯ ಹಸುವನ್ನು ಸಾಲವಾಗಿ ತರುತ್ತಾನೆ. ತಮ್ಮನಾದ ಹೀರಾ ಅದಕ್ಕೆ ವಿಷವಿಕ್ಕಿ ಊರುಬಿಟ್ಟು ಓಡುತ್ತಾನೆ. ಭೋಲನ ವಿಧವೆಯಾದ ಮಗಳು ಝುನಿಯಾ ಗೋಬರನಿಂದ ಗರ್ಭಿಣಿಯಾಗಿ ಬಂದಾಗ ಹೋರಿ ಧನಿಯಾ ದಂಪತಿಗಳು ಅವಳನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಪಂಚಾಯತಿಯು ೧೦೦ ರೂಪಾಯಿಯನ್ನೂ ೩೦ ಮಣ ಧಾನ್ಯವನ್ನೂ ದಂಡವಾಗಿ ಹಾಕುತ್ತದೆ. ಕಣದ ಧಾನ್ಯವು ಹೋಗುತ್ತದೆ. ಮನೆಯು ೮೦ ರೂಪಾಯಿಗೆ ಝಿಂಗುರೀಸಿಂಹನಲ್ಲಿ ಒತ್ತೆಯಾಗುತ್ತದೆ. ಭೋಲನು ಹಸುವಿನ ಬೆಲೆಗೆ ಎತ್ತುಗಳನ್ನು ಹೊಡೆದುಕೊಂಡು ಹೋಗುತ್ತಾನೆ. ಎತ್ತಿಲ್ಲದವನ ಹೊಲಕ್ಕೆ ದಾತಾದೀನನು ಅರೆಪಾಲಿನ ಒಪ್ಪಂದದ ಮೇಲೆ ಬರುತ್ತಾನೆ. ಕಬ್ಬು ಮಾರಿ ೧೨೦ ರೂಪಾಯಿ ಬಂದರೆ ಝಿಂಗುರೀಸಿಂಹನು ತನ್ನದನ್ನು ಮುರಿದುಕೊಂಡು ೨೫ ಕೊಡುತ್ತಾನೆ. ಆ ೨೫ನ್ನೂ ನೋಖೇರಾಮನು ಗೇಣಿಗೆ ವಸೂಲು ಮಾಡುತ್ತಾನೆ. ಹೋರಿಯು ದಾತಾದೀನನ ಬಳಿ ಕೂಲಿಗೆ ನಿಲ್ಲುತ್ತಾನೆ. ಪುರೋಹಿತ ಯಜಮಾನ ಸಂಬಂಧವು ಹೋಗಿ ಧಣಿ ಕೂಲಿಗಳ ಸಂಬಂಧವು ಬಂದಿತೆಂದು ಕಥಾಕಾರರೇ ಹೇಳುತ್ತಾರೆ.

ಕಥೆಯು ಇಲ್ಲಿಗೇ ನಿಂತಿದ್ದರೆ ವಾಡಿಕೆಯ ಸಾರಾಂಶವು ಸರಿಯಾಗುತ್ತಿತ್ತು. ಆದರೆ ನಿಲ್ಲುವುದಿಲ್ಲ. ಮೂರು ವರ್ಷದ ಗೇಣಿ ನಿಂತುಹೋಗಿ ನೋಖೇರಾಮನು ಒಕ್ಕಲೆಬ್ಬಿಸುವುದಕ್ಕೆ ದಾವೆ ಹೂಡಿದಾಗ, ಹೋರಿಯು ಚಿಕ್ಕ ಮಗಳಾದ ರೂಪಾಳನ್ನು ವಯಸ್ಸಾದ ರಾಮಸೇವಕನಿಗೆ ಕೊಟ್ಟು ೨೦೦ ರೂಪಾಯಿಯನ್ನು ಪಡೆಯುತ್ತಾನೆ. ಅದರಿಂದ ಭೂಮಿಯು ಉಳಿಯುತ್ತದೆ. ಆಮೇಲೆ ಅವನು ರಸ್ತೆಯ ಗರಸು ಅಗೆಯುವ ಕೆಲಸಕ್ಕೆ ದಿನಕ್ಕೆ ಎಂಟಾಣೆಯ ಕೂಲಿಗೆ ಹೋಗುತ್ತಾನೆ. ರಾತ್ರಿ ಹೆಂಡತಿಯೊಡನೆ ಕುಳಿತು ಹುರಿ ಹೊಸೆಯುತ್ತಾನೆ. ಬೇಸಗೆಯ ಬಿಸಿಗಾಳಿಗೆ ಸಿಕ್ಕಿ ಸಾಯುತ್ತಾನೆ.

ಆದ್ದರಿಂದ ಸಾಯುವ ದಿನ ಹೋರಿಯು ಯಾರು? ಶಾನಭೋಗನ ಪುಸ್ತಕದಲ್ಲಿ ಅವನು ಒಕ್ಕಲು. ಭೂಮಿಯು ಅವನ ಹೆಸರಿನಲ್ಲಿದೆ. ಗಣತಿಯವನು ಬಾಗಿಲಿಗೆ ಬಂದು ಕೇಳಿದ್ದರೆ ಹೋರಿಯು ತನ್ನನ್ನು ಕೂಲಿಯೆಂದು ಎಂದಿಗೂ ಬರೆಸುತ್ತಿರಲಿಲ್ಲ. ಬೇಸಾಯದಲ್ಲಿರುವ ಮರ್ಯಾದೆಯು ಚಾಕರಿಯಲ್ಲಿಲ್ಲವೆಂದು ನಂಬಿದ್ದವನು ಅವನು. ದೇಹವು ಮಾತ್ರ ಗರಸುಗುಂಡಿಯಲ್ಲಿದೆ. ಹೆಸರು ಒಂದು ಖಾನೆಯಲ್ಲಿ, ಜೀವ ಇನ್ನೊಂದರಲ್ಲಿ. ಆ ಹೆಸರನ್ನು ಉಳಿಸಿಕೊಳ್ಳುವುದಕ್ಕೆ ಅವನು ಕೊಟ್ಟ ಬೆಲೆ ಒಂದು ಮಗಳು. ತೆಗೆದುಕೊಂಡ ೨೦೦ ರೂಪಾಯಿಯನ್ನು ಹಿಂದಿರುಗಿಸಬೇಕೆಂಬ ಛಲ ಅವನಿಗಿತ್ತು. ಎಂಟಾಣೆಯ ಲೆಕ್ಕದಲ್ಲಿ ಅದು ೪೦೦ ದಿನಗಳ ಕೂಲಿ. ಮೊಮ್ಮಗನಿಗಾಗಿ ಒಂದು ಹಸು ಬೇಕೆಂಬ ಆಸೆಯೂ ಇತ್ತು. ಹಿಂದಿನ ಬೆಲೆಗೇ ಸಿಕ್ಕುವುದಾದರೂ ಅದಕ್ಕೆ ೧೬೦ ದಿನ. ಕೊನೆಗೆ ಧನಿಯಾ ಹುರಿ ಮಾರಿ ಬಂದ ಇಪ್ಪತ್ತಾಣೆಯನ್ನು ತಂದು ಇದೇ ಇವರ ಗೋದಾನವೆಂದು ದಾತಾದೀನನ ಕೈಯಲ್ಲಿಡುತ್ತಾಳೆ. ಇಪ್ಪತ್ತಾಣೆಯೆಂದರೆ ಎರಡೂವರೆ ದಿನದ ಕೂಲಿ.

ಕೂಲಿಯವನಿಗೆ ಬೇಸಾಯದ ನಷ್ಟದ ಭಯವಿಲ್ಲವೆಂಬ ಸೂತ್ರವನ್ನು ಮೇಲೆ ಹೇಳಿದೆನಷ್ಟೆ. ಹೋರಿಯಲ್ಲಿ ಅದು ವಿಪರೀತವಾಗಿದೆ. ಅವನು ಕೂಲಿ ಮಾಡುತ್ತಿರುವುದೇ ಬೇಸಾಯದ ನಷ್ಟವನ್ನು ಹೊರುವುದಕ್ಕಾಗಿ. ನಿಂತು ಮಾಡಿಸುವುದೂ ಬೇಸಾಯವೆಂಬ ಸೂತ್ರದಿಂದ ದಾತಾದೀನನೂ ಸಾಗುವಳಿದಾರನಾಗಬಲ್ಲನು. ಇಬ್ಬರೂ ಒಂದೇ ಖಾನೆಯಲ್ಲಿ ಪಕ್ಕಪಕ್ಕದಲ್ಲಿ ನಿಲ್ಲುವರು! ಲಕ್ಷಣದ ಅತಿವ್ಯಾಪ್ತಿಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕೇ? ಇದು ಗಣತಿಯವರ ದೋಷವೆಂದು ನಾನು ಹೇಳುತ್ತಿಲ್ಲ. ಎಣಿಸಬೇಕಾದರೆ ಒಂದು ಗೆರೆಯನ್ನು ಎಳೆಯಲೇಬೇಕು. ಆ ಗೆರೆಯ ಮೇಲೆಯೇ ನಿಂತು ಸತ್ತವನ ಕಥೆಯನ್ನು ಹೇಳುವುದು ಕಾವ್ಯದ ಕೆಲಸ.

(೫)

ಹೆಂಗಸರ ವಿಷಯದಲ್ಲಿ ಎರಡು ಮಾತು. ೧೯೩೧ರ ಗಣತಿಯಲ್ಲಿ ಧನಿಯಾ ‘ದುಡಿಯುವ ಅವಲಂಬಿ’ಯಾಗುತ್ತಿದ್ದಳು. ಶಬ್ದದೊಳಗೇ ವಿರೋಧವಿದೆ. ಯಾರು ಯಾರನ್ನು ಅವಲಂಬಿಸಿದ್ದಾರೆ? ದಂಡ ಹಾಕಿದ ಪಂಚರನ್ನು ಎದುರಿಸಿದವಳೂ, ಝುನಿಯಾಳಿಗೆ ಕೊನೆಗೆ ಆಸರೆಯಾಗಿ ನಿಂತವಳೂ, ನಡುರಾತ್ರಿಯವರೆಗೆ ಹುರಿ ಹೊಸೆದವಳೂ ಅವಳೇ. ಹೀರಾ ಓಡಿಹೋದ ಮೇಲೆ ಅವನ ಹೆಂಡತಿ ಪುನಿಯಾಳ ಹೊಲವನ್ನು ಹೋರಿಯೇ ಉತ್ತು ಬಿತ್ತಿದನು. ಆ ಹೊಲದ ಸಾಗುವಳಿದಾರನು ಯಾರೆಂದರೆ ಉತ್ತರ ಹೇಳುವುದು ಕಷ್ಟ. ೨೦೧೧ರ ಸೂತ್ರದಂತೆ ಕೂಲಿಯಿಲ್ಲದೆ ಮನೆಯ ಹೊಲದಲ್ಲಿ ದುಡಿಯುವುದೂ ಕೆಲಸವೇ. ಬರಿಯ ಮನೆಗೆಲಸ ಮಾತ್ರ ಕೆಲಸವಲ್ಲ. ಆ ವರ್ಷ ಉಪಾಧ್ಯಾಯರೊಡನೆ ನಾನೂ ನಮ್ಮ ಕಡೆ ಗಣತಿಗೆ ಹೋಗಿದ್ದೆನು. ಏನು ಕೆಲಸ ಮಾಡುತ್ತೀರಮ್ಮ ಎಂದು ಕೇಳಿದರೆ, ಮೊರದಲ್ಲಿ ರಾಗಿ ಕೇರುತ್ತಿದ್ದ ಗೃಹಿಣಿಯೊಬ್ಬಳು ಕೈ ನಿಲ್ಲಿಸದೆಯೇ “ನಾನೇನ್ ಮಾಡ್ತೀನಿ ಸ್ವಾಮಿ, ಮನೇಲಿರ್ತೀನಿ” ಎಂದಳು. ಸೂತ್ರವು ಸರಿಯಾಗಿದ್ದರೂ ಉತ್ತರವು ಹೀಗೆ ಬಂದರೆ ಬರೆಯುವವನು ಮಾಡುವುದೇನು? ನಾನು ಮತ್ತೆ ಕೇಳಿ ಬರೆದುಕೊಂಡೆನು. ಎಷ್ಟು ಬಾಗಿಲಲ್ಲಿ ಮತ್ತೆ ಕೇಳದೆ ಮುಂದೆ ಹೋದೆನೋ ಈಗ ನೆನಪಿಲ್ಲ. ಧನಿಯಾಳನ್ನು ಓದುವಾಗಲೆಲ್ಲ ಆ ಬಾಗಿಲುಗಳು ಜ್ಞಾಪಕಕ್ಕೆ ಬರುತ್ತವೆ.

ಇನ್ನೊಂದು ಆಕ್ಷೇಪವಿದೆ. ‘ಗೋದಾನ’ದ ನಗರವೃತ್ತಾಂತವು ಗ್ರಾಮವೃತ್ತಾಂತಕ್ಕೆ ಸಡಿಲವಾಗಿ ಹೊಂದಿಕೊಂಡಿದೆ, ಅದನ್ನು ತೆಗೆದರೂ ಕಥೆಗೆ ಲೋಪವಿಲ್ಲವೆಂದು ಹಿಂದೀ ವಿಮರ್ಶಕರಲ್ಲಿ ಕೆಲವರು ಹೇಳಿದ್ದಾರೆ. ಜೀವಿಕೆಯ ದೃಷ್ಟಿಯಿಂದ ನೋಡಿದರೆ ಈ ಆಕ್ಷೇಪವು ಬಹುಮಟ್ಟಿಗೆ ನಿಲ್ಲಲಾರದು. ಬೇಲಾರಿಯ ಕಬ್ಬು ಹೋಗುವುದು ಸಕ್ಕರೆಯ ಕಾರ್ಖಾನೆಗೆ. ಬೇಲಾರಿಯ ಗೇಣಿಯನ್ನು ಪಡೆದ ರಾಯಸಾಹೇಬರೇ ಲಖನೌವಿನ ಖನ್ನಾನೆದುರಿಗೆ ಸಾಲಕ್ಕಾಗಿ ನಿಲ್ಲುವರು. ಗೋಬರನು ಅದೇ ಲಖನೌವಿನಲ್ಲಿ ಮೊದಲು ತಿಂಡಿ ಮಾರಿ, ಬಂದ ಹಣವನ್ನು ತಾನೂ ಬಡ್ಡಿಗೆ ಬಿಟ್ಟು, ಆಮೇಲೆ ಖನ್ನಾನ ಕಾರ್ಖಾನೆಯ ಕೂಲಿಯಾಗುತ್ತಾನೆ. ಹಳ್ಳಿಯ ಒಬ್ಬ ಸಾಲಗಾರನ ಮಗನು ಪಟ್ಟಣದಲ್ಲಿ ಸಾಲಕೊಡುವವನಾದುದನ್ನು ಯಾವ ಗ್ರಾಮಪಟ್ಟಿಯೂ ಹೇಳಲಾರದು, ಏಕೆಂದರೆ ಗಣತಿಯ ರಾತ್ರಿ ಅವನು ಗ್ರಾಮದಲ್ಲಿರುವುದಿಲ್ಲ. ಹಳ್ಳಿಯ ಜನಸಂಖ್ಯೆಯು ಹಳ್ಳಿಯ ಮೇರೆಯಲ್ಲಿ ಮುಗಿಯುವುದಿಲ್ಲವೆಂಬುದನ್ನು ತೋರಿಸುವುದಕ್ಕೆ ನಗರವೃತ್ತಾಂತವು ಬೇಕೇಬೇಕು. ಮೆಹತಾ ಮತ್ತು ಮಾಲತಿಯರ ದೀರ್ಘ ಸಂಭಾಷಣೆಗಳನ್ನು ಕುಗ್ಗಿಸಬಹುದಾಗಿತ್ತೆಂಬುದನ್ನು ಮಾತ್ರ ನಾನು ಒಪ್ಪುತ್ತೇನೆ. ಅಲ್ಲಿ ರಸಕ್ಕಿಂತ ಉಪದೇಶವು ಹೆಚ್ಚಾಗಿದೆ.

(೬)

ಗುಣಗ್ರಹಣದಿಂದ ದೋಷವು ಮರೆಯಾಗಬಾರದು. ಬೇಲಾರಿಯ ಜನರಲ್ಲಿ ಹುಟ್ಟಿನಿಂದಲೇ ಭೂಮಿಯಿಲ್ಲದವರನ್ನು ಕಥಾಕಾರರು ದೂರದಿಂದ ನೋಡಿದ್ದಾರೆ. ದಾತಾದೀನನ ಮಗನಾದ ಮಾತಾದೀನನು ಸಿಲಿಯಾಳ ದೇಹವನ್ನೂ ದುಡಿಮೆಯನ್ನೂ ಉಪಯೋಗಿಸಿಕೊಂಡು ಅನ್ನಕ್ಕೆ ಮಾತ್ರ ಅಂಜುವುದು, ಅವಳ ಬಂಧುಗಳು ಬಂದು ಅವನ ಬಾಯಿಗೆ ಎಲುಬನ್ನು ತುರುಕುವುದು ಮರೆಯಲಾಗದ ಸನ್ನಿವೇಶವೇ. ಆದರೆ ಹರಖುವಿನ ಮನೆಯ ಒಲೆ ಹೇಗೆ ಉರಿಯುತ್ತದೆ, ಅವನಿಗೆ ಕಣದಲ್ಲಿ ಸಿಕ್ಕುವ ಪಾಲೆಷ್ಟು, ಅವನ ಸಾಲವೆಷ್ಟು ಎಂಬುದು ನಮಗೆ ತಿಳಿಯುವುದಿಲ್ಲ. ಹೋರಿಯ ಲೆಕ್ಕವನ್ನು ಆಣೆಗಳವರೆಗೆ ಕೊಟ್ಟ ಲೇಖನಿಯು ಆ ಕೇರಿಯ ಲೆಕ್ಕವನ್ನು ಬರೆಯಲಿಲ್ಲ.

ಈ ಕೊರತೆಯನ್ನು ಕನ್ನಡಿಗರು ಬೇಗನೆ ಗುರುತಿಸಬಲ್ಲರು, ಏಕೆಂದರೆ ನಮ್ಮಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ಯಿದೆ. ಹೋರಿಯು ಸಾಗುವಳಿದಾರನ ಖಾನೆಯಿಂದ ಜಾರುವವನು. ಚೋಮನು ಆ ಖಾನೆಯನ್ನು ಪ್ರವೇಶಿಸಬೇಕೆಂದು ಆಸೆಪಟ್ಟು ಜಾತಿಯ ಕಾರಣದಿಂದ ಬಾಗಿಲಲ್ಲೇ ನಿಂತವನು. ಎತ್ತುಗಳಿಲ್ಲದೆ ಹೋರಿ ಕೆಟ್ಟನು. ಎತ್ತುಗಳಿದ್ದೂ ಚೋಮನಿಗೆ ಹೊಲ ದೊರೆಯಲಿಲ್ಲ. ಎರಡನ್ನೂ ಜೊತೆಗೂಡಿಸಿ ಪಾಠ ಹೇಳಿದರೆ ಒಂದು ಗ್ರಂಥದ ಮೌನವನ್ನು ಇನ್ನೊಂದು ತುಂಬುವುದು. ಹಿಂದಿಯಲ್ಲಿಯೇ ಫಣೀಶ್ವರನಾಥ ರೇಣು ಅವರು ೧೯೫೪ರ ‘ಮೈಲಾ ಆಂಚಲ’ದಲ್ಲಿ ಪೂರ್ಣಿಯಾ ಸೀಮೆಯ ಮೇರೀಗಂಜನ್ನು ಟೋಲೆ ಟೋಲೆಯಾಗಿ ಬಿಡಿಸಿ ತೋರಿಸಿದರು. ಕಂದಾಯದ ಪಟ್ಟಿಯು ಒಂದೆಂದು ಕರೆದ ಗ್ರಾಮದಲ್ಲಿ ಎಷ್ಟು ಗ್ರಾಮಗಳಿವೆಯೆಂದು ಅಲ್ಲಿ ತಿಳಿಯುತ್ತದೆ. ಗಣತಿಯವರೂ ಸುಮ್ಮನಿರಲಿಲ್ಲ. ೧೯೬೧ರ ಗಣತಿಯೊಡನೆ ಅಶೋಕ ಮಿತ್ರರ ಮೇಲ್ವಿಚಾರಣೆಯಲ್ಲಿ ಒಂದೊಂದೇ ಹಳ್ಳಿಯನ್ನು ಕುರಿತ ಪ್ರತ್ಯೇಕ ಗ್ರಂಥಗಳು ನೂರಾರು ಸಂಖ್ಯೆಯಲ್ಲಿ ಹೊರಟುವು. ಅಂಕೆಯಿಂದ ತೃಪ್ತಿಯಾಗದೆ ಶಾಸ್ತ್ರವೇ ಕಥನದ ಕಡೆಗೆ ಕೈಚಾಚಿದುದಕ್ಕೆ ಅವು ಸಾಕ್ಷಿ.

(೭)

ಭಾಮಹನು ವಾರ್ತೆಯೆಂದು ತಳ್ಳಿದ ಆ ಉದಾಹರಣೆಗೆ ಹಿಂದಿರುಗುತ್ತೇನೆ. ಸೂರ್ಯನು ಮುಳುಗಿದನೆಂಬ ಮಾತು ಕಾಲವನ್ನು ಸೂಚಿಸುವಾಗ ಸಾಧುವೇ ಎಂದು ದಂಡಿಯು ಅದನ್ನು ಉಳಿಸಿಕೊಂಡನು. ಮಮ್ಮಟನು ಇನ್ನೂ ಮುಂದೆ ಹೋದನು. ಹೇಳುವವನೂ ಕೇಳುವವನೂ ಸಂದರ್ಭವೂ ಬೇರೆಯಾದಂತೆ ಆ ಒಂದೇ ಮಾತಿನಿಂದ ಶತ್ರುವಿನ ಮೇಲೆ ಬೀಳುವ ಸಮಯವಾಯಿತು, ಕೆಲಸವನ್ನು ನಿಲ್ಲಿಸೋಣ, ಹಸುಗಳನ್ನು ಮನೆಗೆ ಸೇರಿಸಿರಿ ಎಂದು ಹಲವು ಅರ್ಥಗಳು ಹೊಳೆಯುವುವೆಂದು ಕಾವ್ಯಪ್ರಕಾಶದ ಐದನೆಯ ಉಲ್ಲಾಸದಲ್ಲಿ ತೋರಿಸಿದನು. ವಾರ್ತೆಯು ತಾನಾಗಿ ಕಾವ್ಯವಲ್ಲ, ಕಾವ್ಯಕ್ಕೆ ಶತ್ರುವೂ ಅಲ್ಲ. ಯಾರು ಯಾರಿಗೆ ಹೇಳುತ್ತಾರೆಂಬುದು ಕೂಡಿದಾಗ ಅದರಲ್ಲಿ ಧ್ವನಿ ಹುಟ್ಟುತ್ತದೆ ಎಂಬುದು ಇದರ ತಾತ್ಪರ್ಯ. ಇಪ್ಪತ್ತಾಣೆಯೆಂಬುದು ಅಂಗಡಿಯ ಲೆಕ್ಕದಲ್ಲಿ ವಾರ್ತೆ. ಧನಿಯಾ ದಾತಾದೀನನಿಗೆ ಹೇಳಿದಾಗ ಅದೇ ಧ್ವನಿ. ಲೆಕ್ಕವನ್ನು ಬಿಟ್ಟು ಓದುವವನಿಗೆ ಆ ಧ್ವನಿಯು ಕೇಳಿಸುವುದೇ ಇಲ್ಲ. ಎರಡೂವರೆ ದಿನದ ಕೂಲಿಯೆಂಬುದನ್ನು ಅರಿಯದವನು ಅಳಬಹುದು. ಆದರೆ ಯಾತಕ್ಕೆ ಅಳುತ್ತಿರುವೆನೆಂಬುದು ಅವನಿಗೆ ಗೊತ್ತಿರುವುದಿಲ್ಲ.

ಇದರ ವಿಪರ್ಯಯವೂ ನಿಜ. ೨೦೦೧ರಲ್ಲಿ ಭಾರತದಲ್ಲಿ ಸಾಗುವಳಿದಾರರು ಸುಮಾರು ೧೨.೭೩ ಕೋಟಿ, ಕೃಷಿಕೂಲಿಗಳು ಸುಮಾರು ೧೦.೬೮ ಕೋಟಿ ಇದ್ದರು. ೨೦೧೧ರಲ್ಲಿ ಸಾಗುವಳಿದಾರರು ಸುಮಾರು ೧೧.೮೮ ಕೋಟಿಗೆ ಇಳಿದು, ಕೂಲಿಗಳು ಸುಮಾರು ೧೪.೪೩ ಕೋಟಿಗೆ ಏರಿದರು. ಉಳುವವರಿಗಿಂತ ಕೂಲಿಗಳೇ ಹೆಚ್ಚಾದರೆಂಬ ಈ ಮಾತು ಪಟ್ಟಿಯಲ್ಲಿ ಎರಡು ಸಾಲು. ‘ಗೋದಾನ’ವನ್ನು ಓದಿದವನು ಈ ಎರಡು ಸಾಲುಗಳ ನಡುವಣ ಬಿಳಿಯ ಜಾಗದಲ್ಲಿ ಎಷ್ಟು ಮನೆ ಒತ್ತೆಯಾಯಿತು, ಎಷ್ಟು ಜೊತೆ ಎತ್ತು ಹೋಯಿತು ಎಂದು ಕೇಳದಿರಲಾರನು. ಇನ್ನೂ ಸಾಗುವಳಿದಾರರ ಖಾನೆಯಲ್ಲಿಯೇ ಉಳಿದವರಲ್ಲಿ ಎಷ್ಟು ಮಂದಿ ಹೋರಿಯಂತೆ ಹೆಸರನ್ನು ಮಾತ್ರ ಉಳಿಸಿಕೊಂಡವರು ಎಂದೂ ಕೇಳುವನು. ೨೦೨೧ರಲ್ಲಿ ನಡೆಯಬೇಕಾಗಿದ್ದ ಗಣತಿಯು ಆ ವರ್ಷ ನಡೆಯಲಿಲ್ಲ. ಎಣಿಕೆಯು ತಡವಾದಾಗ ಕಥೆಯ ಹೊಣೆಯು ಹೆಚ್ಚುತ್ತದೆ. ಕಥೆಯಿದೆಯೆಂದು ಎಣಿಕೆಯನ್ನು ಬಿಡುವಂತೆಯೂ ಇಲ್ಲ.

ಆದ್ದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ‘ಗೋದಾನ’ವನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳ ಕೈಯಲ್ಲಿ ಹೋರಿಯ ಸಾಲದ ಲೆಕ್ಕವನ್ನು ಒಮ್ಮೆ ಬರೆಯಿಸಿರಿ. ಅವನು ಯಾವ ಖಾನೆಗೆ ಸೇರಿದವನೆಂದು ಕೇಳಿರಿ. ಅವರು ಬೇಗನೆ ಉತ್ತರ ಹೇಳಿದರೆ ಮತ್ತೊಮ್ಮೆ ಓದಿಸಿರಿ. ಉತ್ತರ ಹೇಳುವುದಕ್ಕೆ ಹಿಂಜರಿದರೆ ಅವರಿಗೆ ಗ್ರಂಥವು ಅರ್ಥವಾಗುತ್ತಿದೆಯೆಂದು ತಿಳಿಯಬಹುದು. ನಾನು ಇಷ್ಟು ವರ್ಷ ಹೇಳಿದ ಸಾರಾಂಶವನ್ನು ತಿದ್ದಿಕೊಂಡುದಕ್ಕೆ ಈ ಲೇಖನವೇ ಪ್ರಾಯಶ್ಚಿತ್ತ. ದೋಷಗಳಿದ್ದರೆ ಬಲ್ಲವರು ತಿಳಿಸಬೇಕಾಗಿ ಪ್ರಾರ್ಥನೆ.